‘ಮೈ ಅಂಕಲ್ ಡಾಕ್ಟರ್’: ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ಮುರುಕು – ಎಂಟು ವಾಕ್ಯಗಳ ಪ್ರಕರಣ ಅಧ್ಯಯನ

ಹುಡುಗಿಗೆ ಹತ್ತು ವರ್ಷ, ಐದನೇ ತರಗತಿ, ಮನೆಮಾತು ಕನ್ನಡ. ಇಂಗ್ಲಿಷ್ ಪಾಠವನ್ನು ತಡವರಿಸದೆ ಓದುತ್ತಾಳೆ. ಸ್ಪೆಲಿಂಗ್ ಕೇಳಿದರೆ ಹೇಳುತ್ತಾಳೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಹತ್ತಕ್ಕೆ ಒಂಬತ್ತು ತಪ್ಪುವುದಿಲ್ಲ. ಆದರೆ ‘ಭಾನುವಾರ ಏನು ಮಾಡಿದೆ, ಎಂಟು ಸಾಲು ಬರೆ’ ಎಂದಾಗ ಅವಳ ನೋಟ್‌ಬುಕ್ಕಿನಲ್ಲಿ ಮೂಡುವುದು ಇದು:

‘ಸಂಡೇ ಅಂಕಲ್ ಹೌಸ್ ವೆಂಟ್. ಮೈ ಅಂಕಲ್ ಡಾಕ್ಟರ್. ಮಾರ್ನಿಂಗ್ ಗೆಟ್ ಅಪ್ ಬ್ರಷ್ ಬಸ್ ಗೋ. ಅಂಕಲ್ ಹೌಸ್ ಬಿಗ್ ಡಾಗ್ ಈಸ್ ದೇರ್. ಮೀ ವೆರಿ ಹ್ಯಾಪಿ. ಬಿಕಾಸ್ ಡಾಗ್ ಬಾಲ್ ಬ್ರಿಂಗಿಂಗ್. ಐ ಥ್ರೋ ಬಾಲ್ ಅಂಡ್ ಡಾಗ್ ರನ್ ಅಂಡ್ ಐ ರನ್ ಅಂಡ್ ಅಂಕಲ್ ಲಾಫ್ ಅಂಡ್ ಹೋಮ್ ಕಮ್. ನೈಟ್ ಐ ಡಿಡ್ ನಾಟ್ ಸ್ಲೆಪ್ಟ್.’

ಎಂಟು ಪೂರ್ಣವಿರಾಮಗಳಿವೆ. ಪೂರ್ತಿಯೂ ಸರಿಯೂ ಆದ ವಾಕ್ಯ ಒಂದೂ ಇಲ್ಲ.

ಇದು ಒಬ್ಬಳೇ ಹುಡುಗಿಯ ಪುಟವಲ್ಲ. ಕನ್ನಡ ಮನೆಮಾತಿನ ಮಕ್ಕಳ ಬರವಣಿಗೆಯಲ್ಲಿ ಮತ್ತೆ ಮತ್ತೆ ಸಿಗುವ ತಪ್ಪುಗಳನ್ನು ಒಂದು ಮಗುವಿನ ಒಂದು ಪುಟಕ್ಕೆ ತಂದು ಕಟ್ಟಿದ ಪ್ರಕರಣ. ಹೀಗೆ ಒಂದೆಡೆ ಇಟ್ಟು ನೋಡಿದರೆ ಯಾವ ತಪ್ಪು ಎಲ್ಲಿಂದ ಬಂತು, ಯಾವುದನ್ನು ಮೊದಲು ಹಿಡಿಯಬೇಕು ಎನ್ನುವುದು ಸ್ಪಷ್ಟವಾಗುತ್ತದೆ.

ಈ ಪುಟವನ್ನು ಮೊದಲು ಕನ್ನಡದಲ್ಲಿ ಓದಿ

‘ಭಾನುವಾರ ಮಾವನ ಮನೆಗೆ ಹೋದೆ. ನಮ್ಮ ಮಾವ ಡಾಕ್ಟರ್. ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಬಸ್ಸಿನಲ್ಲಿ ಹೋದೆ. ಮಾವನ ಮನೇಲಿ ದೊಡ್ಡ ನಾಯಿ ಇದೆ. ನನಗೆ ತುಂಬಾ ಖುಷಿ. ಯಾಕಂದ್ರೆ ನಾಯಿ ಬಾಲ್ ತಂದುಕೊಡುತ್ತೆ.’

ಇದರಲ್ಲಿ ಒಂದು ತಪ್ಪೂ ಇಲ್ಲ. ಹುಡುಗಿಗೆ ವಾಕ್ಯ ಎಂದರೇನು ಎಂಬುದು ಚೆನ್ನಾಗಿ ಗೊತ್ತಿದೆ, ಅವಳು ಕಟ್ಟಿದ್ದು ಕನ್ನಡ ವಾಕ್ಯ ಅಷ್ಟೆ. ಅವಳನ್ನು ‘ಗಮನ ಇಲ್ಲ’ ಎಂದು ಗದರಿಸುವುದು ಅನ್ಯಾಯ. ಅದರಿಂದ ಪ್ರಯೋಜನವೂ ಇಲ್ಲ, ಏಕೆಂದರೆ ಅವಳು ಗಮನವಿಟ್ಟೇ ಬರೆದಿದ್ದಾಳೆ. ಭಾಷಾವಿಜ್ಞಾನಿ ಎಸ್. ಪಿ. ಕಾರ್ಡರ್ 1967ರಲ್ಲೇ ಈ ಭೇದವನ್ನು ಬರೆದಿಟ್ಟರು: ಗೊತ್ತಿದ್ದೂ ಕೈತಪ್ಪಿ ಆಗುವುದು ಒಂದು, ಕಲಿಯುವವರು ತಮ್ಮೊಳಗೆ ಕಟ್ಟಿಕೊಂಡ ನಿಯಮದಿಂದ ಹುಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ‘ಇನ್ನೊಮ್ಮೆ ಓದು’ ಎಂದರೆ ಸಾಕು. ಎರಡನೆಯದನ್ನು ಮಗು ಹತ್ತು ಸಲ ಓದಿದರೂ ಕಾಣುವುದಿಲ್ಲ.

ಒಂದೊಂದಾಗಿ ನೋಡೋಣ.

‘ಅಂಕಲ್ ಹೌಸ್ ವೆಂಟ್’ ಎಂಬಲ್ಲಿ ಹೋದವರು ಯಾರು? ಕನ್ನಡದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ‘ಹೋದೆ’ ಎಂದರೆ ನಾನು, ‘ಹೋದಳು’ ಎಂದರೆ ಅವಳು, ‘ಹೋದರು’ ಎಂದರೆ ಅವರು. ಕರ್ತೃ ಕ್ರಿಯಾಪದದ ಬಾಲದಲ್ಲೇ ಕುಳಿತಿದೆ. ‘ವೆಂಟ್’ಗೆ ಆ ಬಾಲವಿಲ್ಲ. ಯಾರು ಹೋದರೂ ಅದು ‘ವೆಂಟ್’ ಆಗಿಯೇ ಇರುತ್ತದೆ. ಹಾಗಾಗಿ ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿಗೆ ಬೇರೆ ಕುರ್ಚಿ ಹಾಕಲೇಬೇಕು. ಹೇಳಲು ಯಾರೂ ಇಲ್ಲದಿದ್ದರೂ ಆ ಕುರ್ಚಿ ಖಾಲಿ ಇರುವಂತಿಲ್ಲ. ‘ಇಟ್ ಈಸ್ ರೇನಿಂಗ್’ನಲ್ಲಿ ‘ಇಟ್’ ಕುಳಿತಿರುವುದು ಆ ಕಾರಣಕ್ಕೇ.

‘ಮೈ ಅಂಕಲ್ ಡಾಕ್ಟರ್’ನಲ್ಲಿ ಕೊರತೆ ಕ್ರಿಯಾಪದದ್ದು. ‘ಅವರು ಡಾಕ್ಟರ್’, ‘ಇದು ಪುಸ್ತಕ’ – ಕನ್ನಡದಲ್ಲಿ ಎರಡು ನಾಮಪದ ಪಕ್ಕಪಕ್ಕ ಇಟ್ಟರೆ ವಾಕ್ಯ ಆಗಿಹೋಯಿತು. ಇಂಗ್ಲಿಷಿನಲ್ಲಿ ನಡುವೆ ‘ಈಸ್’ ಬಾರದೆ ಆಗುವುದಿಲ್ಲ. ‘ಮೀ ವೆರಿ ಹ್ಯಾಪಿ’ಯಲ್ಲಿ ಇದೇ ಕೊರತೆಯ ಜೊತೆಗೆ ಚತುರ್ಥೀ ವಿಭಕ್ತಿಯ ನೆರಳೂ ಬಿದ್ದಿದೆ. ನನಗೆ ಖುಷಿ, ನನಗೆ ಹಸಿವು, ನನಗೆ ಇಬ್ಬರು ತಂಗಿಯರು: ಕನ್ನಡದಲ್ಲಿ ಅನುಭವವೂ ಸಂಬಂಧವೂ ‘ನನಗೆ’ ಎಂದು ಶುರುವಾಗುತ್ತವೆ. ಇಂಗ್ಲಿಷ್ ಇವನ್ನೆಲ್ಲ ‘ಐ’ ಎಂದು ಶುರುಮಾಡಿ ‘ಆಮ್’ ಅಥವಾ ‘ಹ್ಯಾವ್’ ಜೊತೆ ಹೇಳುತ್ತದೆ. ‘ಹ್ಯಾವ್’ಗೆ ಸಮನಾದ ಕ್ರಿಯಾಪದ ಕನ್ನಡದಲ್ಲಿ ಇಲ್ಲದಿರುವುದರಿಂದ ಮಗುವಿಗೆ ಅದು ತಾನಾಗಿ ಹೊಳೆಯುವುದಿಲ್ಲ.

‘ಗೆಟ್ ಅಪ್ ಬ್ರಷ್ ಬಸ್ ಗೋ’ ಈ ಪುಟದಲ್ಲೇ ಹೆಚ್ಚು ಕಲಿಸುವ ವಾಕ್ಯ. ಎದ್ದು, ಉಜ್ಜಿ, ಹೋಗಿ – ಈ ಕೃದಂತಾವ್ಯಯಗಳನ್ನು ಎಷ್ಟು ಬೇಕಾದರೂ ಪೋಣಿಸಿ ಕೊನೆಗೆ ಒಂದು ಪೂರ್ಣ ಕ್ರಿಯಾಪದ ಹಾಕಿದರೆ ಕನ್ನಡದ ಸರಪಳಿ ತಯಾರು. ಇಂಗ್ಲಿಷಿನಲ್ಲಿ ಮಗುವಿಗೆ ಸಿಗುವುದು ‘ಗೆಟ್’, ‘ಬ್ರಷ್’, ‘ಗೋ’ ಎಂಬ ಮೂಲರೂಪಗಳು ಮಾತ್ರ. ಪೋಣಿಸುವ ದಾರವಿಲ್ಲದೆ ಮಣಿಗಳನ್ನಷ್ಟೇ ಸಾಲಾಗಿ ಇಟ್ಟಂತಾಗುತ್ತದೆ. ದಾರ ಹುಡುಕುತ್ತಾ ‘ಅಂಡ್’ ಕಲಿತ ಮೇಲೆ ಏಳನೇ ವಾಕ್ಯ ಹುಟ್ಟುತ್ತದೆ, ಅದು ಎಲ್ಲಿಯೂ ನಿಲ್ಲುವುದಿಲ್ಲ.

‘ಬಿಕಾಸ್ ಡಾಗ್ ಬಾಲ್ ಬ್ರಿಂಗಿಂಗ್’ ಕೂಡ ಹಾಗೆಯೇ. ‘ಯಾಕಂದ್ರೆ’ ಎಂದು ಶುರುವಾಗುವ ಮಾತು ಕನ್ನಡದಲ್ಲಿ ಸ್ವತಂತ್ರ ವಾಕ್ಯವಾಗಿ ನಿಲ್ಲುತ್ತದೆ, ಒಳ್ಳೆಯ ಬರವಣಿಗೆಯಲ್ಲೂ ನಿಲ್ಲುತ್ತದೆ. ‘ಬಿಕಾಸ್’ ಮಾತ್ರ ಕೊಕ್ಕೆ, ಇನ್ನೊಂದು ವಾಕ್ಯಕ್ಕೆ ಸಿಕ್ಕಿಸಲೇಬೇಕು. ಇದರಲ್ಲಿ ತರಗತಿಯ ಪಾಲೂ ಇದೆ. ‘ವೈ’ ಎಂದು ಶುರುವಾಗುವ ಪ್ರಶ್ನೆಗೆ ಮಗು ‘ಬಿಕಾಸ್ ಶಿ ವಾಸ್ ಸಿಕ್’ ಎಂದು ಬಾಯಲ್ಲಿ ಹೇಳಿದರೆ ಅದು ಸರಿಯಾದ ಉತ್ತರವೇ. ಅದನ್ನೇ ಬರೆದಾಗಲೂ ಪೂರ್ತಿ ಅಂಕ ಕೊಟ್ಟರೆ ಮಾತಿನ ನಿಯಮ ಬರಹಕ್ಕೆ ಇಳಿಯುತ್ತದೆ. ಹಾಗೆಂದು ಬಾಯಲ್ಲಿ ಹೇಳಿದ್ದನ್ನು ತಿದ್ದಲು ಹೋಗಬಾರದು. ಮಾತಿಗೆ ತುಂಡು ಸಾಕು, ಬರಹಕ್ಕೆ ಇಡಿಯಾದ ವಾಕ್ಯ ಬೇಕು ಎಂದು ಬೇರ್ಪಡಿಸಿ ಹೇಳಬೇಕು.

ಕೊನೆಯದು, ‘ಡಿಡ್ ನಾಟ್ ಸ್ಲೆಪ್ಟ್’. ಇಲ್ಲಿ ಭೂತಕಾಲ ಎರಡು ಸಲ ಬಂದಿದೆ. ನಾಲ್ಕನೇ ವಾಕ್ಯಕ್ಕೆ ಕರ್ತೃವೂ ಕ್ರಿಯೆಯೂ ಇವೆ, ಕ್ರಮ ಮಾತ್ರ ಕನ್ನಡದ್ದು. ಅದು ಬೇಗ ಸರಿಹೋಗುತ್ತದೆ.

ಹಿಂದೆ ಮಾಡಿದ್ದು ಏಕೆ ನಾಟಲಿಲ್ಲ

ಇಂಥ ಪುಟಕ್ಕೆ ಸಾಮಾನ್ಯವಾಗಿ ನಡೆಯುವ ಚಿಕಿತ್ಸೆ ಮೂರು ಬಗೆಯದು. ಪುಟವೆಲ್ಲ ಕೆಂಪು ಶಾಯಿ, ತಿದ್ದಿದ್ದನ್ನು ಮೂರು ಸಲ ಬರೆಸುವುದು, ಮತ್ತೆ ವ್ಯಾಕರಣದ ಅಭ್ಯಾಸಪಟ್ಟಿ. ನಕಲು ಮಾಡುವಾಗ ಕೈಗೆ ಕೆಲಸ, ತಲೆಗೆ ಇಲ್ಲ; ‘ಈಸ್’ ಬೇಕೋ ಬೇಡವೋ ಎಂದು ನಿರ್ಧರಿಸಿದವರು ಶಿಕ್ಷಕರು, ಮಗುವಲ್ಲ. ಬಿಟ್ಟ ಸ್ಥಳ ತುಂಬುವುದೂ ಹೀಗೆಯೇ. ಅಲ್ಲಿ ಗೆರೆ ಎಳೆದು ‘ಇಲ್ಲಿ ಏನೋ ಬೇಕು’ ಎಂದು ಮೊದಲೇ ಹೇಳಿಬಿಟ್ಟಿರುತ್ತಾರೆ. ಈ ಹುಡುಗಿಯ ತೊಂದರೆ ಇರುವುದು ಅಲ್ಲಿ ಏನೋ ಬೇಕು ಎಂದು ಹೊಳೆಯುವುದರಲ್ಲೇ.

2007ರಲ್ಲಿ ಶಿಕ್ಷಣ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 4ರಿಂದ 12ನೇ ತರಗತಿಯ ಬರವಣಿಗೆ ಕಲಿಕೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆದಾಗ, ವ್ಯಾಕರಣವನ್ನು ಬರವಣಿಗೆಯಿಂದ ಬಿಡಿಸಿ ಕಲಿಸುವುದರ ಪರಿಣಾಮ ಸೊನ್ನೆಗಿಂತ ಕೆಳಗೆ, –0.32 ಬಂತು (ಸೊನ್ನೆ ಎಂದರೆ ಪರಿಣಾಮವಿಲ್ಲ, ಅದಕ್ಕಿಂತ ಕೆಳಗೆ ಎಂದರೆ ಬರವಣಿಗೆ ಹೋಲಿಕೆಯ ಗುಂಪಿಗಿಂತ ಹಿಂದೆ ಬಿತ್ತು). ಚಿಕ್ಕ ವಾಕ್ಯಗಳನ್ನು ಬೆಸೆದು ದೊಡ್ಡದು ಮಾಡಿಸುವ ಅಭ್ಯಾಸದ್ದು +0.50. ಎರಡನೇ ಭಾಷೆ ಕಲಿಯುವ ಮಗುವಿಗೆ ಆ ಅಂಕಿಗಳನ್ನು ಹಾಗೇ ಅಂಟಿಸಬಾರದು, ಆದರೂ ಸಮಯ ಎಲ್ಲಿ ಹಾಕಬೇಕು ಎಂಬುದಕ್ಕೆ ಒಳ್ಳೆಯ ಸುಳಿವು ಅದು.

ಇನ್ನೊಂದು ಸಣ್ಣ ಸಂಗತಿ, ಆದರೆ ಅದರ ಹಾನಿ ದೊಡ್ಡದು. ನಾವು ‘ಎಂಟು ಸಾಲು ಬರೆ’ ಎನ್ನುತ್ತೇವೆ, ಮನಸ್ಸಿನಲ್ಲಿರುವುದು ಎಂಟು ವಾಕ್ಯ. ಮಗು ಅದನ್ನು ಅಕ್ಷರಶಃ ತೆಗೆದುಕೊಂಡು ಗೆರೆ ಮುಗಿದಲ್ಲೆಲ್ಲ ಚುಕ್ಕೆ ಇಡುತ್ತದೆ. ‘ಸಾಲು’ ಎಂಬ ಪದವನ್ನು ಆ ದಿನವೇ ಬಿಟ್ಟುಬಿಡಿ.

‘ಪೂರ್ಣ ಅರ್ಥ ಕೊಡುವ ಪದಸಮೂಹವೇ ವಾಕ್ಯ’ ಎಂಬ ವ್ಯಾಖ್ಯೆಯನ್ನೂ ಬಿಡಬೇಕಾಗುತ್ತದೆ. ಹುಡುಗಿಯ ಆರನೇ ವಾಕ್ಯ ಅವಳಿಗೆ ಪೂರ್ಣ ಅರ್ಥವನ್ನೇ ಕೊಡುತ್ತಿದೆ. ಅವಳಿಗೆ ಬೇಕಾಗಿರುವುದು ಕೈಯಲ್ಲಿ ಹಿಡಿದು ಮಾಡಬಹುದಾದ ಪರೀಕ್ಷೆ.

ಎಂಟು ವಾರ, ದಿನಕ್ಕೆ ಹದಿನೈದು ನಿಮಿಷ

ವಾರಕ್ಕೆ ನಾಲ್ಕು ದಿನ. ಮೂರು ನಿಮಿಷ ಬಾಯಿಮಾತು, ಏಳು ನಿಮಿಷ ಬರವಣಿಗೆ, ಐದು ನಿಮಿಷ ತಪಾಸಣೆ. ಇದಕ್ಕಿಂತ ಹೆಚ್ಚು ಹೊತ್ತು ಕೂರಿಸಿದರೆ ಐದನೇ ವಾಕ್ಯದ ಹೊತ್ತಿಗೆ ಮಗು ಬೇಗ ಮುಗಿಸುವುದನ್ನೇ ಯೋಚಿಸುತ್ತಿರುತ್ತದೆ. ಸಾಮಗ್ರಿ: ಅಂಗೈಯಷ್ಟು ದೊಡ್ಡ ಕಾರ್ಡುಗಳು. ಕರ್ತೃವಿಗೆ ನೀಲಿ ಹನ್ನೆರಡು, ಕ್ರಿಯಾಪದಕ್ಕೆ ಕೆಂಪು ಹನ್ನೆರಡು, ಉಳಿದದ್ದಕ್ಕೆ ಬಿಳಿ ಇಪ್ಪತ್ತು, ಚುಕ್ಕೆ ಬರೆದ ಒಂದು ಪುಟ್ಟ ಕಾರ್ಡು. ಕಾರ್ಡಿನ ಮೇಲಿನ ಪದಗಳನ್ನು ಮಗುವೇ ಬರೆಯಬೇಕು, ಅವಳ ಪುಟದಿಂದಲೇ ಆರಿಸಬೇಕು. ಬೇರೆಯವರ ಮನೆಯ ಬೆಕ್ಕಿನ ಬಗ್ಗೆ ಬರೆಯುವುದಕ್ಕಿಂತ ತಾನು ನೋಡಿದ ನಾಯಿಯ ಬಗ್ಗೆ ಬರೆಯಲು ಮಗು ಹತ್ತು ಪಾಲು ಹೆಚ್ಚು ಶ್ರಮಪಡುತ್ತದೆ.

ಮೊದಲ ವಾರ ‘ಆಮ್’, ‘ಈಸ್’, ‘ಆರ್’ ಮಾತ್ರ. ನೀಲಿ ಕಾರ್ಡು ‘ಮೈ ಅಂಕಲ್’, ಬಿಳಿ ಕಾರ್ಡು ‘ಎ ಡಾಕ್ಟರ್’ ಇಟ್ಟು ನಡುವೆ ಕಾರ್ಡಿನಷ್ಟು ಜಾಗ ಬಿಡಿ. ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ, ಮಗು ಕೆಂಪು ಕಾರ್ಡು ಹುಡುಕುತ್ತದೆ. ಎರಡನೇ ದಿನದಿಂದ ನೀವು ಜಾಗ ಬಿಡಬೇಡಿ, ಅವಳೇ ಬಿಡಲಿ. ಬರೆಯುವ ಮುನ್ನ ವಾಕ್ಯವನ್ನು ಜೋರಾಗಿ ಹೇಳಿ ಬೆರಳು ಮಡಚಿ ಪದ ಎಣಿಸಬೇಕು: ಮೈ, ಅಂಕಲ್, ಈಸ್, ಎ, ಡಾಕ್ಟರ್ – ಐದು. ಬರೆದ ಮೇಲೆ ಪೆನ್ಸಿಲ್ ತುದಿಯಿಂದ ಮತ್ತೆ ಎಣಿಸಬೇಕು. ನಾಲ್ಕು ಬಂದರೆ ಯಾವುದು ಬಿಟ್ಟಿತೆಂದು ಅವಳೇ ಹುಡುಕುತ್ತಾಳೆ. ಹೇಳುವಾಗ ಇದ್ದ ‘ಈಸ್’ ಬರೆಯುವಾಗ ಜಾರಿಹೋಗುವುದನ್ನು ಇಷ್ಟು ಸುಲಭವಾಗಿ ಹಿಡಿಯುವ ಉಪಾಯ ಇನ್ನೊಂದಿಲ್ಲ.

ದೊಡ್ಡಕ್ಷರವನ್ನೂ ಇದೇ ವಾರ ಶುರುಮಾಡಬೇಕು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ, ಹಾಗಾಗಿ ಇದು ಮರೆವಲ್ಲ, ಮಗುವಿಗೆ ಪೂರ್ತಿ ಹೊಸ ಕಲ್ಪನೆ. ಎರಡು ವಾರ ವಾಕ್ಯದ ಮೊದಲ ಅಕ್ಷರವನ್ನೂ ಕೊನೆಯ ಚುಕ್ಕೆಯನ್ನೂ ಹಸಿರು ಪೆನ್ಸಿಲಿನಲ್ಲಿ ಬರೆಸಿ. ಮುಖ್ಯವಾದ ಪದ ಎಂದು ನಡುವೆ ‘ಡಾಗ್’ಗೂ ದೊಡ್ಡಕ್ಷರ ಹಾಕುವುದು ತೀರ ಸಾಮಾನ್ಯ. ಹೆಸರಿಗೆ ಮಾತ್ರ, ‘ಐ’ಗೆ ಯಾವಾಗಲೂ ಎಂದಷ್ಟೇ ಹೇಳಿ ಮುಂದೆ ಹೋಗಿ.

ಎರಡನೇ ವಾರ ಕ್ರಮ. ಮಗು ‘ಐ ಬಾಲ್ ಥ್ರೋ’ ಎಂದು ಕಾರ್ಡು ಜೋಡಿಸಿದಾಗ ಬಾಯಿ ಬಿಡದೆ ಕೊನೆಯಲ್ಲಿರುವ ಕೆಂಪು ಕಾರ್ಡನ್ನು ಮಗುವಿನ ಕೈಯಿಂದಲೇ ನೀಲಿಯ ಪಕ್ಕಕ್ಕೆ ಸರಿಸಿ. ನೀಲಿ, ಅದರ ಪಕ್ಕ ಕೆಂಪು. ಕನ್ನಡದಲ್ಲಿ ಕೆಂಪು ಕೊನೆಗೆ, ಇಂಗ್ಲಿಷಿನಲ್ಲಿ ಎರಡನೆಯದು. ಹತ್ತು ವರ್ಷದ ಮಗುವಿಗೆ ಎರಡು ಭಾಷೆಗಳ ಈ ಹೋಲಿಕೆಯನ್ನು ನೇರವಾಗಿ ಹೇಳಬಹುದು, ಹೇಳಬೇಕು ಕೂಡ. ಮನೆಮಾತನ್ನು ಬಾಗಿಲಾಚೆ ನಿಲ್ಲಿಸಿ ಇಂಗ್ಲಿಷ್ ಕಲಿಸುವವರು ಮಗುವಿನ ಕೈಯಲ್ಲಿರುವ ಒಂದೇ ನಕ್ಷೆಯನ್ನು ಕಿತ್ತುಕೊಳ್ಳುತ್ತಾರೆ.

ಇಲ್ಲಿ ಒಂದು ಅಪಾಯ ಕಾದಿರುತ್ತದೆ. ಮೊದಲ ವಾರದ ‘ಈಸ್’ ಎರಡನೇ ವಾರ ಎಲ್ಲೆಡೆ ನುಗ್ಗುತ್ತದೆ: ‘ಐ ಆಮ್ ಗೋ’, ‘ಡಾಗ್ ಈಸ್ ರನ್’. ಕಲಿಸುವವರು ಕಂಗೆಡುವ ಹಂತ ಇದು, ಮಗು ಹಿಂದೆ ಬಿದ್ದಂತೆ ಕಾಣುತ್ತದೆ. ನಿಜದಲ್ಲಿ ‘ಕೆಂಪು ಜಾಗ ಖಾಲಿ ಬಿಡಬಾರದು’ ಎಂಬುದನ್ನು ಅವಳು ಕಲಿತು ಬೇಕಾದ್ದಕ್ಕಿಂತ ಹೆಚ್ಚು ಬಳಸುತ್ತಿದ್ದಾಳೆ. ಮದ್ದು ಸರಳ. ಅವಳದೇ ಹನ್ನೆರಡು ವಾಕ್ಯಗಳನ್ನು ಎರಡು ಗುಡ್ಡೆ ಮಾಡಿಸಿ: ‘ಏನಾಗಿದೆ, ಹೇಗಿದೆ’ ಹೇಳುವವು ಒಂದು ಕಡೆ, ‘ಏನು ಮಾಡುತ್ತದೆ’ ಹೇಳುವವು ಇನ್ನೊಂದು ಕಡೆ. ಎರಡನೇ ಗುಡ್ಡೆಯಲ್ಲಿ ಈಗಾಗಲೇ ಒಂದು ಕೆಂಪು ಕಾರ್ಡು ಇದೆ, ಒಂದು ಕುರ್ಚಿಗೆ ಇಬ್ಬರು ಬೇಡ. ‘-ಇಂಗ್’ ಬಂದಾಗ ಮಾತ್ರ ‘ಈಸ್’ ಜೊತೆಗೂಡುತ್ತದೆ ಎಂಬುದನ್ನು ಅದರ ಮರುದಿನ ಹೇಳಿ, ಅದೇ ದಿನ ಬೇಡ.

ಮೂರನೇ ವಾರ ‘ನನಗೆ’ ಎಂದು ಶುರುವಾಗುವ ಹತ್ತು ಕನ್ನಡ ವಾಕ್ಯ ಹೇಳಿ ಇಂಗ್ಲಿಷಿನಲ್ಲಿ ಬರೆಸಿ. ‘ಆಮ್’ ಬೇಕೋ ‘ಹ್ಯಾವ್’ ಬೇಕೋ ಎಂಬ ಆಯ್ಕೆ ಅವಳದು. ಜೊತೆಗೆ ‘ಇಟ್’ ಮತ್ತು ‘ದೇರ್ ಈಸ್’.

ನಾಲ್ಕನೇ ವಾರ ಭೂತಕಾಲ. ವೆಂಟ್, ಕೇಮ್, ಸಾ, ಏಟ್, ಗೇವ್, ಟುಕ್, ಮೇಡ್, ಸೆಡ್, ಬ್ರಾಟ್, ಥ್ರೂ ಮುಂತಾದ ಇಪ್ಪತ್ತು ಸಾಕು, ದಿನಕ್ಕೆ ಐದು. ‘ಡಿಡ್’ ಬಂದರೆ ಭೂತಕಾಲದ ಕೆಲಸ ಮುಗಿಯಿತು, ಪಕ್ಕದ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ. ಭೂತಕಾಲದ ಗುರುತಾದ ಒಂದು ‘-ಎಡ್’ ಚೀಟಿಯನ್ನು ಕೆಂಪು ಕಾರ್ಡಿನಿಂದ ತೆಗೆದು ‘ಡಿಡ್’ನ ತಲೆಗೆ ಸಿಕ್ಕಿಸಿ ತೋರಿಸಿದರೆ, ಒಂದೇ ಚೀಟಿ ಎರಡು ಕಡೆ ಇರಲಾರದು ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಪೂರ್ಣ ವಾಕ್ಯದ ಪರೀಕ್ಷೆಯನ್ನು ಕಲಿಸಲು ಇದೇ ಸರಿಯಾದ ವಾರ. ವಾಕ್ಯದ ಮುಂದೆ ಒಮ್ಮೆ ‘ಎವ್ರಿ ಡೇ’, ಒಮ್ಮೆ ‘ಯೆಸ್ಟರ್‌ಡೇ’ ಹಾಕಿ ಹೇಳಬೇಕು. ಯಾವ ಪದ ರೂಪ ಬದಲಿಸಿತೋ ಅದೇ ಕ್ರಿಯಾಪದ. ಯಾವುದೂ ಬದಲಾಗದಿದ್ದರೆ ಬಹುಪಾಲು ಅಲ್ಲಿ ಕ್ರಿಯಾಪದವಿಲ್ಲ. ‘ಡಾಗ್ ಬಾಲ್ ಬ್ರಿಂಗಿಂಗ್’ಗೆ ಎರಡನ್ನೂ ಹಾಕಿ ನೋಡಿ, ‘ಬ್ರಿಂಗಿಂಗ್’ ಕದಲುವುದಿಲ್ಲ. ಆಗ ಹುಡುಗಿ ಕೆಂಪು ಜಾಗ ಖಾಲಿ ಇದೆ ಎಂದು ತಾನೇ ಹೇಳುತ್ತಾಳೆ. ‘ಪುಟ್’, ‘ಕಟ್’ನಂಥ ಕೆಲವು ಎರಡೂ ಕಾಲದಲ್ಲಿ ಒಂದೇ ರೀತಿ ಇರುವುದರಿಂದ ಅವನ್ನು ಈ ಆಟದಿಂದ ಹೊರಗಿಡಿ. ಹೌದು-ಇಲ್ಲ ಪ್ರಶ್ನೆಯಾಗಿ ತಿರುಗಿಸಿ ನೋಡುವ ಇನ್ನೊಂದು ಪರೀಕ್ಷೆ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಚೆನ್ನಾಗಿ ಒದಗುತ್ತದೆ. ನಮ್ಮ ಮಕ್ಕಳಿಗೆ ಪ್ರಶ್ನೆ ಕಟ್ಟುವುದೇ ಕಷ್ಟವಾಗಿರುವಾಗ ಅದನ್ನು ಒರೆಗಲ್ಲಾಗಿ ಕೊಡುವುದರಲ್ಲಿ ಅರ್ಥವಿಲ್ಲ.

ಬೆಸೆಯುವ ವಾರಗಳು

ಐದು ಮತ್ತು ಆರನೇ ವಾರಗಳಿಗೆ ಅವಸರ ಮಾಡಬೇಡಿ. ಎದ್ದು-ಉಜ್ಜಿ-ಹೋದೆ ಸರಪಳಿಯನ್ನು ಮೊದಲು ಬಿಡಿಸಬೇಕು: ‘ಐ ಗಾಟ್ ಅಪ್.’ ‘ಐ ಬ್ರಷ್ಡ್ ಮೈ ಟೀತ್.’ ‘ಐ ವೆಂಟ್ ಬೈ ಬಸ್.’ ಮೂರು ಕೊಂಡಿ, ಮೂರು ವಾಕ್ಯ, ಪ್ರತಿಯೊಂದಕ್ಕೂ ತನ್ನ ನೀಲಿ, ತನ್ನ ಕೆಂಪು. ಆಮೇಲೆ ಬೆಸುಗೆ: ‘ಐ ಗಾಟ್ ಅಪ್ ಅಂಡ್ ಬ್ರಷ್ಡ್ ಮೈ ಟೀತ್. ದೆನ್ ಐ ವೆಂಟ್ ಬೈ ಬಸ್.’ ವಾಕ್ಯಕ್ಕೆ ಒಂದೇ ‘ಅಂಡ್’ ಎಂಬ ಕಟ್ಟುನಿಟ್ಟನ್ನು ಈ ಎರಡು ವಾರ ಇಟ್ಟುಕೊಳ್ಳಿ. ಇಂಗ್ಲಿಷಿನ ನಿಯಮ ಇದಲ್ಲ, ಅಭ್ಯಾಸಕ್ಕೆ ಹಾಕಿದ ಬೇಲಿ ಎಂಬುದನ್ನು ಮಗುವಿಗೂ ಹೇಳಿ. ಎರಡನೇ ‘ಅಂಡ್’ ಬರೆಯಲು ಕೈ ಹೋದಾಗ ಚುಕ್ಕೆ ಇಟ್ಟು ಹೊಸ ವಾಕ್ಯ ಶುರುಮಾಡಬೇಕು.

‘ಬಿಕಾಸ್’ಗೆ ಕೊಕ್ಕೆಯಾಕಾರದ ಕಾರ್ಡು ಮಾಡಿಸಿ. ಎಡಕ್ಕೆ ಒಂದು ಪೂರ್ತಿ ವಾಕ್ಯ, ಬಲಕ್ಕೆ ಇನ್ನೊಂದು. ‘ಐ ವಾಸ್ ಹ್ಯಾಪಿ’ ಬರೆದು ‘ಬಿಕಾಸ್’, ‘ಬಟ್’, ‘ಸೋ’ ಮೂರನ್ನೂ ಸಿಕ್ಕಿಸಿ ಮೂರು ಬಗೆಯಲ್ಲಿ ಮುಗಿಸಲು ಹೇಳುವುದು ದಿನಕ್ಕೊಂದು ಮಾಡಬಹುದಾದ ಅತ್ಯುತ್ತಮ ಅಭ್ಯಾಸ. ಕಾರಣ ಹೇಳುವುದು, ತಿರುವು ಕೊಡುವುದು, ಪರಿಣಾಮ ಹೇಳುವುದು – ಮೂರಕ್ಕೂ ಮಗು ಬೇರೆ ಬೇರೆ ಯೋಚಿಸಬೇಕಾಗುತ್ತದೆ. ಇಲ್ಲಿ ಬರುವ ಹೊಸ ತಪ್ಪು: ‘ಬಿಕಾಸ್ ಇಟ್ ವಾಸ್ ರೇನಿಂಗ್ ಸೋ ವಿ ವೆಂಟ್ ಬೈ ಬಸ್’. ಎರಡು ವಾಕ್ಯದ ನಡುವೆ ಒಂದೇ ಕೊಕ್ಕೆ ಎಂದು ಕಾರ್ಡಿನಲ್ಲೇ ತೋರಿಸಿ.

ಈ ಹೊತ್ತಿಗೆ ಇನ್ನೊಂದು ಲಕ್ಷಣ ಕಾಣಬಹುದು, ಅದು ನಿಜಕ್ಕೂ ಚಿಂತೆ ಮಾಡಬೇಕಾದದ್ದು. ತಪ್ಪಿಗೆ ಹೆದರಿ ಮಗು ಮೂರೇ ಪದದ ವಾಕ್ಯಕ್ಕೆ ಅಂಟಿಕೊಳ್ಳುತ್ತದೆ: ‘ಡಾಗ್ಸ್ ರನ್. ಐ ರನ್.’ ಎಲ್ಲವೂ ಸರಿ, ಹೇಳಿದ್ದು ಏನೂ ಇಲ್ಲ. ಆಗ ತಿದ್ದುವುದನ್ನು ಎರಡು ದಿನ ನಿಲ್ಲಿಸಿ ಪ್ರಶ್ನೆ ಕೇಳಿ: ಎಲ್ಲಿ ಓಡಿತು? ಯಾಕೆ? ಆಮೇಲೆ? ಅವಳ ಉತ್ತರ ಕನ್ನಡದಲ್ಲಿ ಬಂದರೂ ಸರಿ, ಅದನ್ನು ಬಿಳಿ ಕಾರ್ಡಾಗಿ ಸೇರಿಸುವುದು ಮುಂದಿನ ಕೆಲಸ.

ತಿದ್ದುವುದರ ಬಗ್ಗೆ ಒಂದೇ ಸೂತ್ರ: ಆ ವಾರದ ವಿಷಯವನ್ನು ಮಾತ್ರ ಮುಟ್ಟಿ. ತಪ್ಪಿದ ವಾಕ್ಯದ ಎದುರು ಅಂಚಿನಲ್ಲಿ ಒಂದು ಪುಟ್ಟ ಚೌಕ ಬರೆಯಿರಿ, ಕರ್ತೃ ಇಲ್ಲವಾದರೆ ನೀಲಿ, ಕ್ರಿಯಾಪದ ಇಲ್ಲವಾದರೆ ಕೆಂಪು. ಉತ್ತರ ಬರೆಯಬೇಡಿ. ‘ಎ’, ‘ದ’ ಬಿಟ್ಟಿರುವುದು ಕಣ್ಣಿಗೆ ಚುಚ್ಚಿದರೂ ಈ ಎಂಟು ವಾರ ಸುಮ್ಮನಿರಿ. ಅವು ಬಿಟ್ಟರೆ ವಾಕ್ಯದ ಅಂದ ಕೆಡುತ್ತದೆ, ಕಟ್ಟಡ ಬೀಳುವುದಿಲ್ಲ.

ಕೊನೆಯ ಎರಡು ವಾರ ಆರೇಳು ವಾಕ್ಯದ ಬರಹ, ಪ್ರತಿ ವಾಕ್ಯ ಹೊಸ ಗೆರೆಯಿಂದ. ತಪಾಸಣೆ ಕೆಳಗಿನಿಂದ ಮೇಲಕ್ಕೆ: ಕೊನೆಯ ವಾಕ್ಯ ಮೊದಲು, ಆಮೇಲೆ ಅದರ ಮೇಲಿನದು. ಮೇಲಿನಿಂದ ಓದಿದರೆ ಕಥೆಯ ಸೆಳೆತದಲ್ಲಿ ಕಣ್ಣು ಖಾಲಿ ಜಾಗವನ್ನು ತುಂಬಿಕೊಂಡು ಹೋಗುತ್ತದೆ, ತಿರುಗಿ ಓದಿದಾಗ ಪ್ರತಿ ವಾಕ್ಯವೂ ಒಂಟಿಯಾಗಿ ನಿಲ್ಲಬೇಕಾಗುತ್ತದೆ. ‘ಬಿಕಾಸ್’ ತುಂಡುಗಳು ಸಿಕ್ಕಿಬೀಳುವುದು ಹೀಗೆ ಓದಿದಾಗಲೇ.

ಎಂಟನೇ ವಾರದ ಪುಟ

‘ಲಾಸ್ಟ್ ಸಂಡೇ ಐ ವೆಂಟ್ ಟು ಮೈ ಅಂಕಲ್ಸ್ ಹೌಸ್. ಇಟ್ ವಾಸ್ ರೇನಿಂಗ್, ಸೋ ವಿ ವೆಂಟ್ ಬೈ ಬಸ್. ಮೈ ಅಂಕಲ್ ಈಸ್ ಡಾಕ್ಟರ್. ಹೀ ಹ್ಯಾಸ್ ಎ ಬಿಗ್ ಡಾಗ್. ಐ ವಾಸ್ ಹ್ಯಾಪಿ ಬಿಕಾಸ್ ದ ಡಾಗ್ ರಿಮೆಂಬರ್ಡ್ ಮೀ. ಐ ಥ್ರೂ ದ ಬಾಲ್ ಅಂಡ್ ಡಾಗ್ ಬ್ರಾಟ್ ಇಟ್ ಬ್ಯಾಕ್. ಅಟ್ ನೈಟ್ ಐ ಡಿಡ್ ನಾಟ್ ಸ್ಲೀಪ್.’

ಏಳು ವಾಕ್ಯಗಳಿಗೂ ನೀಲಿ ಇದೆ, ಕೆಂಪು ಇದೆ. ಐದನೆಯದರಲ್ಲಿ ‘ಹ್ಯಾಪಿ’ ಆದ ಮೇಲೆ ಒಂದು ಚುಕ್ಕೆ ಇಟ್ಟು ರಬ್ಬರಿನಿಂದ ಅಳಿಸಿದ ಕಲೆ ಇದೆ, ‘ಬಿಕಾಸ್’ನ ದೊಡ್ಡಕ್ಷರವನ್ನೂ ತಿದ್ದಿ ಚಿಕ್ಕದು ಮಾಡಲಾಗಿದೆ. ಅದನ್ನು ಯಾರೂ ಹೇಳಿಕೊಡಲಿಲ್ಲ, ಕೆಳಗಿನಿಂದ ಓದುವಾಗ ಅವಳೇ ಹಿಡಿದದ್ದು. ಇಂಥ ಅಳಿಸಿದ ಕಲೆಗೂ ಒಂದು ಸರಿ ಗುರುತು ಕೊಡಬೇಕು.

ಎಲ್ಲ ಮಕ್ಕಳೂ ಎಂಟೇ ವಾರದಲ್ಲಿ ಇಲ್ಲಿಗೆ ಬರುವುದಿಲ್ಲ. ಎರಡನೇ ವಾರದ ‘ಐ ಆಮ್ ಗೋ’ದಲ್ಲಿ ಹದಿನೈದು ದಿನ ನಿಲ್ಲುವವರಿದ್ದಾರೆ, ಅವರನ್ನು ಅಲ್ಲಿಂದ ಎಳೆದುಕೊಂಡು ಮುಂದೆ ಹೋದರೆ ಬೆಸೆಯುವ ವಾರಗಳಲ್ಲಿ ಎಲ್ಲವೂ ಒಟ್ಟಿಗೆ ಕಲಸಿಹೋಗುತ್ತದೆ. ಇನ್ನು ಈ ಹುಡುಗಿಯ ಪುಟದಲ್ಲಿ ಉಳಿದದ್ದು ‘ಡಾಕ್ಟರ್’ನ ಮುಂದೆ ‘ಎ’, ಆರನೇ ವಾಕ್ಯದ ‘ಡಾಗ್’ನ ಮುಂದೆ ‘ದ’. ಒಂಬತ್ತನೇ ವಾರ ಅಲ್ಲಿಂದಲೇ ಶುರು: ನಾಯಿ ಕಥೆಯೊಳಗೆ ಮೊದಲ ಸಲ ಕಾಲಿಟ್ಟಾಗ ‘ಎ’, ಓದುವವರಿಗೆ ಆ ನಾಯಿಯ ಪರಿಚಯವಾದ ಮೇಲೆ ‘ದ’. ಬಿಳಿ ಕಾರ್ಡುಗಳ ಎಡ ಅಂಚಿಗೆ ಅಂಟಿಸಲು ಚಿಕ್ಕ ಹಳದಿ ಚೀಟಿ ಹತ್ತು ಬೇಕಾಗುತ್ತವೆ.